ದ್ವೀಪದಲ್ಲಿ ಹೆಸರು ಹಿಡಿದು ಕರೆದ ದನಿ

ಪ್ರೇತ, ಪೀಡೆ ಎಂಬ ಸುದ್ದಿ ಬಂದರೆ ನಾನು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದವಳು. ಪಂಜದ ನನ್ನ ತವರಿನಲ್ಲಿ ಯಾರಾದರೂ ಅಂಥದ್ದನ್ನು ಕಂಡೆನೆಂದರೆ, ಎಷ್ಟು ಹೊತ್ತಿಗೆ, ಊಟ ಆಗಿತ್ತಾ ಎಂದೆಲ್ಲ ಪಾಟೀಸವಾಲು ಹಾಕಿ ತಲೆ ತಿನ್ನುತ್ತಿದ್ದೆ. ಈಗ ನೀವು ಅದನ್ನೇ ನನ್ನಲ್ಲಿ ಕೇಳಬಹುದು. ನಡೆದದ್ದು ನಡುಮಧ್ಯಾಹ್ನ; ಕಟ್ಟಿಕೊಂಡು ಹೋದ ಅವಲಕ್ಕಿಯನ್ನು ಹೊಟ್ಟೆ ತುಂಬ ತಿಂದಿದ್ದೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮಗೆ ಮದುವೆಯಾಗಿ ಎರಡು ವರ್ಷ. ನಮ್ಮವರು ಕಡಬದ ಶಾಲೆಯಲ್ಲಿ ಮಾಷ್ಟ್ರು. ತರಗತಿಯ ಮಕ್ಕಳಲ್ಲಿ ಒಬ್ಬರೂ ಸಮುದ್ರ ಕಂಡವರಲ್ಲ, ಅವರಿಗೆ ತೋರಿಸಲು ಚಿಪ್ಪು ಶಂಖ ತರಬೇಕೆಂದು ಕ್ರಿಸ್ಮಸ್ ರಜೆಯಲ್ಲಿ ಹೊರಟರು. ನಾನೂ ಹಟ ಹಿಡಿದು ಜತೆಯಾದೆ. ಪುತ್ತೂರಲ್ಲಿ ಬಸ್ಸು ಬದಲಿಸಿ ಕಡಲ ದಡಕ್ಕೆ ಹೋಗಿ, ಅವರ ಪರಿಚಯದವರ ಮನೆಯಲ್ಲಿ ಉಳಿದು, ಮಾರನೆಯ ದಿನ ವಯಸ್ಸಾದ ಮೀನುಗಾರರೊಬ್ಬರ ದೋಣಿಯಲ್ಲಿ ದ್ವೀಪಕ್ಕೆ ಹೋದೆವು. ದ್ವೀಪವೆಂದರೆ ದೊಡ್ಡದೇನಲ್ಲ; ಹತ್ತಿಪ್ಪತ್ತು ತೆಂಗು, ಕಪ್ಪು ಬಂಡೆ, ಬಿಳಿ ಹಕ್ಕಿಗಳು.

ನಮ್ಮವರು ಮೈ ಒರೆಸುವ ಬೈರಾಸು ಹೆಗಲಿಗೆ ಹಾಕಿಕೊಂಡು ಚಿಪ್ಪು ಹೆಕ್ಕುತ್ತಾ ಬಂಡೆಯಾಚೆ ಹೋದರು. ದೋಣಿಯವರು ದೋಣಿಯ ನೆರಳಲ್ಲಿ ಬಲೆ ಸರಿಮಾಡುತ್ತಿದ್ದರು. ನಾನು ತೆಂಗಿನ ಬುಡದಲ್ಲಿ ಕೂತೆ. ಗಾಳಿಯಿರಲಿಲ್ಲ. ನೀರೂ ಬಾನೂ ಒಂದೇ ಬಣ್ಣವಾಗಿ, ಎಲ್ಲಿ ಯಾವುದು ಮುಗಿಯುತ್ತದೆಂದು ತಿಳಿಯುತ್ತಿರಲಿಲ್ಲ. ನಿದ್ದೆ ಬಂದಿರಲಿಲ್ಲ, ಆದರೆ ಮೈ ಹಗುರವಾಗಿ, ಎಷ್ಟು ಹೊತ್ತಾಯಿತೆಂಬ ಅಂದಾಜೇ ತಪ್ಪಿತ್ತು.

ಆಗ ನಮ್ಮವರು ನನ್ನನ್ನು ಹೆಸರು ಹಿಡಿದು ಕರೆದರು.

ನಮ್ಮ ಕಡೆ ಆಗ ಗಂಡನಾದವನು ಹೆಂಡತಿಯ ಹೆಸರು ಹೇಳುವ ಕ್ರಮವಿರಲಿಲ್ಲ. "ಓಯ್", "ಕೇಳಿತಾ", ಇಷ್ಟರಲ್ಲೇ ಸಂಸಾರ ಸಾಗುತ್ತಿತ್ತು. ತವರಲ್ಲಿ ದಿನಕ್ಕೆ ನೂರು ಸಲ ಕೇಳುತ್ತಿದ್ದ ನನ್ನ ಹೆಸರು ಮದುವೆಯಾದ ಮೇಲೆ ಯಾರ ಬಾಯಲ್ಲೂ ಇರಲಿಲ್ಲ. ಇವರು ಒಮ್ಮೆಯಾದರೂ ಕರೆದಾರೇ ಎಂದು ನಾನು ಎಷ್ಟು ಆಸೆಪಟ್ಟಿದ್ದೆನೆಂದು ಹೇಳಿದರೆ ನಿಮಗೆ ನಗು ಬಂದೀತು.

ದನಿ ಅವರದೇ. ಬಂದದ್ದು ನೀರಿನ ಕಡೆಯಿಂದ. ಅಲ್ಲಿ ಸಮುದ್ರದೊಳಕ್ಕೆ ಉದ್ದಕ್ಕೆ ಮರಳಿನ ದಿಣ್ಣೆ ಹೊಳೆಯುತ್ತಿತ್ತು. ನಮ್ಮ ಕುಮಾರಧಾರೆಯಲ್ಲಿ ಬೇಸಿಗೆಗೆ ಮೂಡಿದ ದಿಣ್ಣೆ ಮಳೆಗಾಲದವರೆಗೆ ಅಲ್ಲೇ ಇರುತ್ತದೆ. ಹೊಳೆ ನೋಡಿ ಬೆಳೆದ ನನಗೆ ಅದರ ಮೇಲೆ ನಡೆಯಲು ಯೋಚನೆ ಬೇಕಾಗಲಿಲ್ಲ. ಎರಡನೆಯ ಸಲ ಕರೆದರು, ಇನ್ನಷ್ಟು ಮೆತ್ತಗೆ. "ಬಂದೆ" ಎಂದೆ. ಎದುರು ಯಾರೂ ಕಾಣಲಿಲ್ಲ, ಕಾಣಬೇಕೆಂದೂ ಅನಿಸಲಿಲ್ಲ. ಅಷ್ಟು ಖುಷಿಯಾಗಿತ್ತು ನನಗೆ.

"ಅಮ್ಮಾ, ನಿಲ್ಲಿ! ನೀರು ಏರ್ತಾ ಉಂಟು!"

ದೋಣಿಯವರು ಓಡಿ ಬಂದು ರಟ್ಟೆ ಹಿಡಿದು ಎಳೆದಾಗಲೇ ನಾನು ನೋಡಿಕೊಂಡದ್ದು. ನೀರು ಸೊಂಟದವರೆಗೆ ಬಂದಿತ್ತು. ದಿಣ್ಣೆ ಇರಲಿಲ್ಲ. ನನಗೆ ಈಜು ಬಾರದು.

ನಮ್ಮವರು ಬೈರಾಸಿನಲ್ಲಿ ಚಿಪ್ಪು ಕಟ್ಟಿಕೊಂಡು ದ್ವೀಪದ ಇನ್ನೊಂದು ಮಗ್ಗುಲಿಂದ ಓಡುತ್ತಾ ಬಂದರು. "ಎಂತ ಮಾರಾಯ್ತಿ, ಎಲ್ಲಿಗೆ ಹೊರಟದ್ದು ನೀನು?"

"ನೀವು ಕರೆದಿರಲ್ಲ?"

"ನಾನೆಂತಕ್ಕೆ ಕರೆಯುದು?"

"ಹೆಸರು ಹಿಡಿದು ಕರೆದಿರಿ."

ಆ ಗಾಬರಿಯಲ್ಲೂ ಅವರಿಗೆ ನಗು ಬಂತು. "ಹಾಗಾದರೆ ನಾನಲ್ಲ ಬಿಡು."

ಬಿಸಿಲಿಗೆ ಮಂಪರು ಹತ್ತಿರಬೇಕೆಂದು ನಾನೂ ಒಪ್ಪಿಕೊಳ್ಳುತ್ತಿದ್ದೆ. ಆದರೆ ದೋಣಿಯವರು ನಗಲಿಲ್ಲ. "ಕರೆದದ್ದು ನನಗೂ ಕೇಳಿತು ಮಾಷ್ಟ್ರೇ" ಎಂದು, ಕೇಳಿದ ಹೆಸರನ್ನೂ ಹೇಳಿದರು. ನನ್ನದೇ ಹೆಸರು. ಅದು ಅವರಿಗೆ ಗೊತ್ತಿರಲು ದಾರಿಯೇ ಇರಲಿಲ್ಲ. ನಾವು ಉಳಿದಿದ್ದ ಮನೆಯವರಿಗೂ ನಾನು ಮಾಷ್ಟ್ರ ಹೆಂಡತಿ, ಅಷ್ಟೇ. ನಮ್ಮವರ ನಗು ನಿಂತಿತು. ದೋಣಿಯಲ್ಲಿ ವಾಪಸು ಬರುವಾಗ ಅವರು ನನ್ನ ಕೈ ಬಿಡಲಿಲ್ಲ.

ಅವರು ಒಳ್ಳೆಯವರು. ಕೊನೆಯವರೆಗೂ ಚೆನ್ನಾಗಿ ನೋಡಿಕೊಂಡರು, ಕೊನೆಯವರೆಗೂ "ಓಯ್" ಎಂದೇ ಕರೆದರು. ದ್ವೀಪದಲ್ಲಿ ಕರೆದದ್ದು ಯಾರೆಂದು ನನಗೆ ಇಂದಿಗೂ ತಿಳಿಯದು. ನನ್ನನ್ನು ಮುಳುಗಿಸಲು ಬಂದದ್ದು ಎನ್ನುವವರಿದ್ದಾರೆ, ಇರಲೂಬಹುದು. ಆದರೆ ಇನ್ನೊಮ್ಮೆ ಆ ದನಿ ಕರೆದರೆ ಹೋಗದೆ ನಿಲ್ಲುತ್ತೇನೆಂಬ ಧೈರ್ಯ ನನಗಿಲ್ಲ. ಹಾಗಾಗಿ ಆಮೇಲೆ ನಾನು ಸಮುದ್ರದ ಹತ್ತಿರ ಹೋಗಿಲ್ಲ.