ನೂರಾ ಹನ್ನೆರಡನೇ ಸಂಖ್ಯೆಯ ಅಭಿಪ್ರಾಯ

ನಮ್ಮ ಸೇಡಂನ ವಾಚನಾಲಯಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಪುಸ್ತಕ ಒಯ್ದವರು ಅದನ್ನು ತಿರುಗಿ ಕೊಡುವಾಗ ಹಿಂಬದಿಗೆ ಅಂಟಿಸಿದ ಬಿಳಿ ಹಾಳೆಯ ಮೇಲೆ ಒಂದು ಮಾತಾದರೂ ಅಭಿಪ್ರಾಯ ಬರೆಯಬೇಕು. ಬರೆಯದಿದ್ದರೆ ಮುಂದಿನ ಪುಸ್ತಕ ಇಲ್ಲ. ಹೆಸರು ಹಾಕುವಂತಿಲ್ಲ, ಸದಸ್ಯತ್ವದ ಸಂಖ್ಯೆ ಮಾತ್ರ. ಹೆಸರಿದ್ದರೆ ಜನ ಮುಖ ನೋಡಿ ಬರೆಯುತ್ತಾರೆ, ಸಂಖ್ಯೆಯಾದರೆ ಮನಸ್ಸಿನಲ್ಲಿದ್ದದ್ದನ್ನು ಬರೆಯುತ್ತಾರೆ ಎಂಬುದು ಅಧ್ಯಕ್ಷರ ನಂಬಿಕೆ. ಅವರು ನಿವೃತ್ತ ಹೆಡ್ಮಾಸ್ತರರು, ನನಗೆ ಕನ್ನಡ ಕಲಿಸಿದವರು. ನಾನು ಆಗ ಚಿತ್ತಾಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ, ವಾಚನಾಲಯದ ಕಮಿಟಿಯಲ್ಲಿ ಎಲ್ಲರಿಗಿಂತ ಚಿಕ್ಕವನು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಕಳೆದಿತ್ತು.

ಆ ದಿನಗಳಲ್ಲಿ ಕೇಬಲ್ಲಿನಲ್ಲಿ ಭಾನುವಾರ ಬೆಳಿಗ್ಗೆ ಒಂದು ಹೊರದೇಶದ ಧಾರಾವಾಹಿ ಹಿಂದಿಗೆ ಡಬ್ ಆಗಿ ಬರುತ್ತಿತ್ತು. ಬಾಹ್ಯಾಕಾಶದಲ್ಲಿ ಸೈನ್ಯ, ಗ್ರಹದಿಂದ ಗ್ರಹಕ್ಕೆ ದಂಡಯಾತ್ರೆ, ಬಂದೂಕಿನಿಂದ ಬೆಳಕಿನ ಗೆರೆ. ಅದರ ಬೆನ್ನಿಗೆ ಯಾರೋ ಪ್ರಕಾಶಕರು ಅದೇ ಸೈನಿಕರನ್ನಿಟ್ಟುಕೊಂಡು ಟಿವಿಯಲ್ಲಿ ಬಾರದ ಕಥೆಗಳನ್ನು ಕನ್ನಡದಲ್ಲಿ ಕಿರುಕಾದಂಬರಿಗಳಾಗಿ ತಂದರು. ಹಳದಿ ಕಾಗದ, ಮುಟ್ಟಿದರೆ ಬೆರಳಿಗೆ ಬಣ್ಣ ಹತ್ತುವ ಮುಖಪುಟ. ನಮ್ಮ ವಾಚನಾಲಯಕ್ಕೆ ಯಾರೋ ಅವನ್ನು ದಾನವಾಗಿ ಕೊಟ್ಟರು, ಒಂದಾದ ಮೇಲೊಂದು ಏಳು ಭಾಗ.

ಇವುಗಳ ವಿರುದ್ಧ ನಾನು ಭಾಷಣವನ್ನೇ ಬಿಗಿದಿದ್ದೆ. ಚಿತ್ತಾಪುರದ ಒಂದು ಸಭೆಯಲ್ಲಿ, ಟಿವಿ ನೋಡಿ ಬರೆದ ಪುಸ್ತಕ ಓದುವವರನ್ನು ಓದುಗರೆಂದು ಕರೆಯುವುದೇ ತಪ್ಪು ಎಂದಿದ್ದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ನಮ್ಮ ಅಧ್ಯಕ್ಷರು ತಲೆದೂಗಿದರು. ಒಂದು ಪುಟವನ್ನೂ ಓದಿರಲಿಲ್ಲ ನಾನು.

ಅದಾಗಿ ತಿಂಗಳೊಳಗೆ ಶಹಾಬಾದಿನಲ್ಲಿ ಮಾಸ್ತರರ ತರಬೇತಿ ಮುಗಿಸಿ ಬರುತ್ತ ವಾಡಿಯಲ್ಲಿ ಗಾಡಿ ಬದಲಿಸಬೇಕಿತ್ತು. ಸೇಡಂ ಕಡೆಯ ಪ್ಯಾಸೆಂಜರ್ ಮೂರು ತಾಸು ತಡ. ಬೆಂಚಿನ ಮೇಲೆ ಯಾರೋ ಬಿಟ್ಟುಹೋಗಿದ್ದ ಮೊದಲನೇ ಭಾಗ ಬಿದ್ದಿತ್ತು. ಬೈಯಲಿಕ್ಕಾದರೂ ಓದೋಣ ಎಂದು ತೆಗೆದೆ. ಗಾಡಿ ಬಂದದ್ದು ಗೊತ್ತಾಗಲಿಲ್ಲ. ಪಕ್ಕದವರು ತೋಳು ಹಿಡಿದು ಎಬ್ಬಿಸಿದರು. ಮನೆಗೆ ಬಂದು ಅದನ್ನು ಮುಗಿಸಿದ ಮೇಲೆ ಎರಡನೇ ಭಾಗಕ್ಕೆ ಜೀವ ಹಪಹಪಿಸತೊಡಗಿತು. ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ವಾಚನಾಲಯದಲ್ಲಿ ಇತ್ತು. ಆದರೆ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಅದು ಬಿದ್ದರೆ? ಅಧ್ಯಕ್ಷರು ತಿಂಗಳಿಗೊಮ್ಮೆ ಯಾರು ಏನು ಓದಿದರೆಂದು ಬೆರಳಿಟ್ಟು ನೋಡುವವರು.

ಆಗ ನೂರಾ ಹನ್ನೆರಡನೇ ಸಂಖ್ಯೆಯವರ ನೆನಪಾಯಿತು.

ಅವರು ಚಿಂಚೋಳಿ ತಾಲ್ಲೂಕಿನ ಐನಾಪುರದ ಕಡೆಯವರು, ಬೌದ್ಧ ಮನೆತನ. ಸೇಡಂನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಪಾಲಿಶ್ ಮಾಡುವ ಒಂದು ಶೆಡ್ಡಿನಲ್ಲಿ ಕೆಲಸ. ನಮ್ಮ ಮನೆಗೆ ಫರಸಿ ಹಾಸುವಾಗ ಕಲ್ಲಿನ ಜೊತೆ ಬಂದಿದ್ದರು. ಊಟದ ಹೊತ್ತಿಗೆ ನನ್ನ ಪುಸ್ತಕದ ಕಪಾಟಿನ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತು, "ಸರ್, ಮುಟ್ಟಿ ನೋಡ್ಲೇನ್ರಿ?" ಎಂದು ಕೇಳಿದ್ದರು. ನಾನೇ ಜಾಮೀನು ಸಹಿ ಹಾಕಿ ವಾಚನಾಲಯದ ಸದಸ್ಯರನ್ನಾಗಿ ಮಾಡಿಸಿದೆ. ಅದನ್ನು ನಾಲ್ಕು ಜನರಿಗೆ ಹೇಳಿಕೊಂಡು ಹೆಮ್ಮೆಪಟ್ಟೆ ಕೂಡ. ನನಗಿಂತ ಆರೇಳು ವರ್ಷ ದೊಡ್ಡವರು. ಆದರೂ ನಾನು ಅವರಿಗೆ ಏಕವಚನದಲ್ಲೇ ಮಾತನಾಡುತ್ತಿದ್ದೆ. ಈಗ ಬರೆಯುವಾಗ ಬಹುವಚನ ಹಾಕುತ್ತಿದ್ದೇನೆ. ಬಹಳ ತಡವಾಯಿತು, ಗೊತ್ತು.

"ನಿನ್ನ ನಂಬರಿನ ಮ್ಯಾಲೆ ಒಂದು ಪುಸ್ತಕ ತಂದುಕೊಡ್ತೀ ಏನು? ಸಾಲೀ ಹುಡುಗರಿಗೆ ಬೇಕಾಗ್ಯಾದ" ಎಂದು ಸುಳ್ಳು ಹೇಳಿದೆ.

"ಅದಕ್ಕೇನ್ರಿ ಸರ್, ತರ್ತೀನಿ" ಎಂದರು.

ಒಂದು ಸಂಖ್ಯೆಗೆ ಒಂದು ವಾರಕ್ಕೆ ಒಂದೇ ಪುಸ್ತಕ. ಅಂದರೆ ನಾನು ಬಾಹ್ಯಾಕಾಶದಲ್ಲಿ ಅಲೆದಾಡಿದ ವಾರ ಅವರಿಗೆ ಓದಲು ಏನೂ ಇರುತ್ತಿರಲಿಲ್ಲ. ಇದು ನನ್ನ ತಲೆಗೆ ಹೊಳೆದದ್ದು ಐದನೇ ಭಾಗದ ಹೊತ್ತಿಗೆ. ಹೊಳೆದ ಮೇಲೂ ಆರನೆಯದು ತರಿಸಿದೆ, ಏಳನೆಯದೂ ತರಿಸಿದೆ. ಹುಡುಗರಿಗೆಂಬ ಮಾತು ಸುಳ್ಳೆಂದು ಅವರಿಗೆ ಬೇಗನೆ ಗೊತ್ತಾಗಿತ್ತು. ಮೂರನೇ ಭಾಗ ಕೊಡುವಾಗಲೇ "ಮುಂದ ಏನಾತ್ರಿ ಸರ್?" ಎಂದು ನಕ್ಕಿದ್ದರು.

ಪುಸ್ತಕದಷ್ಟೇ ನನಗೆ ಹಿಂದಿನ ಹಾಳೆಯೂ ಹಿಡಿಸಿತ್ತು. ಏಳನೇ ಭಾಗದ ಹಾಳೆ ಈಗಲೂ ಕಣ್ಣ ಮುಂದಿದೆ. "ಯುದ್ಧ ಕಮ್ಮಿ, ಮಾತು ಜಾಸ್ತಿ." ಅದರ ಕೆಳಗೆ, "ಟಿವಿಯೊಳಗ ಕ್ಯಾಪ್ಟನ್ ಎಡಗೈಲೆ ಗುಂಡು ಹೊಡೀತಾನ, ಇಲ್ಲಿ ಬಲಗೈ. ಬರೆದವರು ಧಾರಾವಾಹಿ ನೋಡಿಲ್ಲ." ಇನ್ನೊಬ್ಬರು, "ನಲವತ್ತೇಳನೇ ಪುಟ ಯಾರು ಹರಿದಿರಿ? ನಾಚಿಕೆ ಇರಲಿ." ಮತ್ತೊಬ್ಬರದು ಒಂದೇ ಪದ: "ದಂಡ."

ಆ ಭಾಗದಲ್ಲಿ ಸೈನ್ಯದ ಜೊತೆ ಒಬ್ಬ ಅಡುಗೆಯವನಿದ್ದಾನೆ. ಬಂದೂಕು ಹಿಡಿದು ಗೊತ್ತಿಲ್ಲ. ಹುಲ್ಲುಕಡ್ಡಿಯೂ ಇಲ್ಲದ ಗ್ರಹದಲ್ಲಿ ಒಡೆದ ಹೆಲ್ಮೆಟ್ಟಿನಲ್ಲಿ ಧೂಳು ತುಂಬಿ ಉಳ್ಳಾಗಡ್ಡಿ ಬೆಳೆಸುತ್ತಾನೆ. ತುಕಡಿ ಠಾಣೆ ಬಿಟ್ಟು ಹೊರಡಬೇಕಾದ ದಿನ ಎಲ್ಲರೂ ಸಾಮಾನು ಕಟ್ಟುವಾಗ ಅವನು ತನ್ನ ಪಾಲಿನ ಕುಡಿಯುವ ನೀರನ್ನು ಆ ಗಿಡಕ್ಕೆ ಹಾಕಿ ಬರುತ್ತಾನೆ. ಅಷ್ಟೇ. ನಾನು ಅದನ್ನು ಓದಿ ಹುಚ್ಚನ ಹಾಗೆ ಅತ್ತೆ.

ಅಭಿಪ್ರಾಯ ಬರೆಯುವ ಸರದಿ ಬಂತು. ಅದಕ್ಕೂ ಮೊದಲು ತರಿಸಿದ ಐದು ಭಾಗಗಳಿಗೆ "ಚೆನ್ನಾಗಿದೆ, ಓದಬಹುದು" ಎಂದು ಅವರ ಸಂಖ್ಯೆ ಹಾಕಿ ಕೈತೊಳೆದುಕೊಂಡಿದ್ದೆ. ಈ ಸಲ ಮನಸ್ಸು ತಡೆಯಲಿಲ್ಲ. ಮಾಸ್ತರನ ಭಾಷೆಯಲ್ಲಿ ಬರೆದರೆ ಸಿಕ್ಕಿಬೀಳುತ್ತೇನೆಂದು, ಅಕ್ಷರ ಸೊಟ್ಟ ಮಾಡಿ, ಆಡುಮಾತಿನಲ್ಲಿ ಬರೆದೆ. "ಅಡಗಿಯಾಂವ ಹೆಲ್ಮೆಟ್ಟಿನ್ಯಾಗ ಉಳ್ಳಾಗಡ್ಡಿ ಬೆಳಸ್ಯಾನ. ಬಿಟ್ಟು ಹೋಗೂ ದಿನಾನೂ ನೀರು ಹಾಕ್ಯಾನ. ಯಾರು ತಿಂತಾರ ಅಂತ ಕೇಳಲಿಲ್ಲ. ಯುದ್ಧದ್ದು ನಂಗೇನೂ ತಿಳೀಲಿಲ್ಲ. ಇದನ್ನ ಓದಿ ಭಾಳ ಅತ್ತೀನಿ." ಕೆಳಗೆ ನೂರಾ ಹನ್ನೆರಡು ಎಂದು ಹಾಕಿದೆ. ಅವರ ಮಾತಿನಂತೆ ಕಾಣಲಿ ಎಂಬ ಕಳ್ಳಬುದ್ಧಿಯಿಂದ ಬರೆದದ್ದು. ಆದರೆ ಅದು ನಮ್ಮವ್ವ ನನ್ನ ಜೊತೆ ಆಡುವ ಮಾತೂ ಹೌದು. ನನ್ನ ಅಚ್ಚಾದ ಪ್ರಬಂಧಗಳಲ್ಲಿ ಒಂದು ಸಾಲೂ ಅಷ್ಟು ನಿಜವಾಗಿರಲಿಲ್ಲ.

ಅದೇ ಸುಮಾರಿಗೆ ವಾಚನಾಲಯದವರು ಚಿಂಚೋಳಿ ಕಡೆಯ ಹಳ್ಳಿಗಳಿಗೆ ಟ್ರಂಕಿನಲ್ಲಿ ಪುಸ್ತಕ ಕಳಿಸುವ ಯೋಜನೆ ಹಾಕಿದರು. ಒಬ್ಬರು ಬಸ್ಸಿನಲ್ಲಿ ಟ್ರಂಕು ಒಯ್ದು ಐನಾಪುರ, ಕೊಡ್ಲಿ ಮೊದಲಾದ ಊರುಗಳಲ್ಲಿ ಪುಸ್ತಕ ಹಂಚಿ ತರಬೇಕು. ಯಾವ ಊರಿಗೆ ಯಾವ ಪುಸ್ತಕ ಎಂದು ಆರಿಸಬೇಕು. ತಿಂಗಳಿಗೆ ಸಂಬಳವೂ ಉಂಟು. ನೂರಾ ಹನ್ನೆರಡನೆಯವರು ಅರ್ಜಿ ಹಾಕಿದರು. ಹಾಕುವ ಮೊದಲು ನನ್ನ ಮನೆಗೆ ಬಂದು ತಮ್ಮ ಕೈ ತೋರಿಸಿದರು. ವರ್ಷಗಟ್ಟಲೆ ಪಾಲಿಶ್ ಯಂತ್ರದ ಕೆಸರುನೀರಿನಲ್ಲಿ ನೆನೆದು ಬೆರಳ ಸಂದಿಗಳು ಒಡೆದು ಕೆಂಪಗಾಗಿದ್ದವು.

"ಡಾಕ್ಟರು ನೀರಿನ ಕೆಲಸ ಬಿಡು ಅಂತಾರ್ರಿ ಸರ್. ಬಿಟ್ಟು ಏನು ಮಾಡ್ಲಿ? ಈ ಕೆಲಸ ಸಿಕ್ಕರ ಕೈನೂ ಉಳೀತಾವ, ದಿನಾ ಪುಸ್ತಕದಾಗನೂ ಇರ್ತೀನಿ. ನೀವು ಕಮಿಟಿಯೊಳಗ ಇದ್ದೀರಿ, ಎರಡು ಮಾತು ಹೇಳ್ರಿ."

"ಅದನ್ನ ನನಗ ಬಿಡು" ಎಂದೆ.

ವಾರ್ಷಿಕ ಓದುಗರ ಕೂಟದ ದಿನವೇ ಕಮಿಟಿ ಸಭೆಯೂ ಇತ್ತು. ಕೂಟದಲ್ಲಿ ಅಧ್ಯಕ್ಷರು ಆ ವರ್ಷದ ಅಭಿಪ್ರಾಯಗಳಲ್ಲಿ ಒಳ್ಳೆಯವನ್ನು, ತಮಾಷೆಯವನ್ನು ಓದುವುದು ವಾಡಿಕೆ. ಒಳ್ಳೆಯವು ಮುಗಿದ ಮೇಲೆ ಕನ್ನಡಕ ಸರಿಮಾಡಿಕೊಂಡು ಏಳನೇ ಭಾಗ ಕೈಗೆತ್ತಿಕೊಂಡರು. ಅವರು ನನ್ನ ಸಾಲುಗಳನ್ನು ರಾಗ ಎಳೆದು, ಒಂದೊಂದು ಪದಕ್ಕೂ ನಿಂತು ಓದಿದರು.

"ಉಳ್ಳಾಗಡ್ಡಿ ಹೆಚ್ಚಿದರ ಎಲ್ಲಾರೂ ಅಳ್ತಾರ. ಇವರು ಓದಿ ಅತ್ತಾರ!"

ಸಭೆಯೆಲ್ಲ ಗೊಳ್ಳೆಂದಿತು. ನಾನೂ ನಕ್ಕೆ. ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚೇ ನಕ್ಕೆನೇನೋ.

"ಯಾರಪಾ ಇವರು ನೂರಾ ಹನ್ನೆರಡು? ಎದ್ದು ನಿಂದರ್ರಿ, ನೋಡೂಣು."

ಹಿಂದಿನ ಸಾಲಿನಲ್ಲಿದ್ದ ಅವರು ಒಮ್ಮೆ ನನ್ನ ಕಡೆ ನೋಡಿದರು. ನಿಜ ಹೇಳಲು ಒಂದು ಮಾತು ಸಾಕಿತ್ತು ಅವರಿಗೆ, ನನಗೂ. ಅವರು ಎದ್ದು ನಿಂತು ಕೈಮುಗಿದರು. ಮತ್ತೆ ನಗು. ನಾನು ಮುಂದಿನ ಕುರ್ಚಿಯ ಬೆನ್ನಿಗೆ ಬಿದ್ದ ಬಣ್ಣದ ಕಲೆಯನ್ನು ನೋಡುತ್ತ ಕೂತೆ.

ಆಮೇಲೆ ಒಳಗಿನ ಕೋಣೆಯಲ್ಲಿ ಚುರುಮುರಿಯ ಸುಸಲಾ, ಮಿರ್ಚಿ ಭಜಿ ತಿನ್ನುತ್ತ ಕಮಿಟಿ ಕೂತಿತು. ಮೂರು ಅರ್ಜಿಗಳಿದ್ದವು. ನೂರಾ ಹನ್ನೆರಡನೆಯವರ ಅರ್ಜಿ ಬಂದಾಗ ಅಧ್ಯಕ್ಷರು ರಿಜಿಸ್ಟರ್ ತೆರೆದು ಬೆರಳಿಟ್ಟರು.

"ನೋಡ್ರಿ, ಆರು ವಾರ, ಆರು ಭಾಗ. ಇಂಥಾವರ ಕೈಯಾಗ ಟ್ರಂಕು ಕೊಟ್ಟರ ಹಳ್ಳೀಗೆ ಏನು ಒಯ್ತಾರ? ಇದನ್ನೇ." ನನ್ನ ಕಡೆ ತಿರುಗಿ, "ನೀ ಏನಂತೀ? ಇವರನ್ನ ತಂದು ಸೇರಿಸಿದಾಂವ ನೀನ" ಎಂದರು.

ಆ ರಿಜಿಸ್ಟರಿನಲ್ಲೇ, ಆ ಆರು ವಾರದ ಹಿಂದೆ ಮುಂದೆ, ಅವರು ಓದಿದ ಇತಿಹಾಸ, ಜೀವನಚರಿತ್ರೆಗಳ ಸಾಲು ಸಾಲೇ ಇತ್ತು. ಪುಟ ತಿರುವಿ ತೋರಿಸಬಹುದಿತ್ತು. "ಆ ಆರೂ ನಾನೇ ಓದಿದ್ದು, ಅತ್ತದ್ದೂ ನಾನೇ" ಎನ್ನಬಹುದಿತ್ತು. ಅಧ್ಯಕ್ಷರು ಬೈಯುತ್ತಿದ್ದರು, ನಾಲ್ಕು ದಿನ ಊರು ನಗುತ್ತಿತ್ತು, ಮುಗಿಯಿತು. ನನ್ನ ನೌಕರಿಗೆ ಏನೂ ಆಗುತ್ತಿರಲಿಲ್ಲ.

ಭಜಿ ನುಂಗಿ ನಾನು ಹೇಳಿದೆ: "ಮನುಷ್ಯಾ ಚೊಲೋರಿ ಸರ್. ಆದ್ರ ಅಭಿರುಚಿ ಇನ್ನೂ ಬೆಳೀಬೇಕು."

ಸೇಡಂನವರೇ ಆದ ಒಬ್ಬರನ್ನು ಆರಿಸಿದರು. ಅವರು ಚಿಂಚೋಳಿಯ ಹಳ್ಳಿಗಳನ್ನು ಬಸ್ಸಿನ ಕಿಟಕಿಯಿಂದಷ್ಟೇ ಕಂಡವರು.

ಹೊರಗೆ ಬಂದಾಗ ಚಪ್ಪಲಿ ಬಿಡುವ ಜಾಗದಲ್ಲಿ ನೂರಾ ಹನ್ನೆರಡನೆಯವರು ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ನನ್ನ ಮುಖ ನೋಡಿಯೇ ಸುದ್ದಿ ಓದಿಕೊಂಡರು.

"ಆಗ್ಲಿಲ್ಲೇನ್ರಿ?"

"ಬ್ಯಾರೆದವರಿಗೆ ಆತು."

ಸಭೆಯಲ್ಲಿ ನಡೆದದ್ದನ್ನು ಎತ್ತುತ್ತಾರೆಂದು ನಾನು ಉತ್ತರ ಹೊಂದಿಸಿಕೊಳ್ಳುತ್ತಿದ್ದೆ. ಅವರು ಅದನ್ನು ಎತ್ತಲೇ ಇಲ್ಲ.

"ಒಂದ ಮಾತು ಕೇಳ್ತೀನ್ರಿ ಸರ್, ತಪ್ಪು ತಿಳೀಬ್ಯಾಡ್ರಿ. ಒಳಗ ನನ್ನ ಸಲುವಾಗಿ ಯಾರರ ಮಾತಾಡಿದ್ರೇನ್ರಿ?"

"ನಾ ಮಾತಾಡಿದೆ" ಎಂದೆ.

"ಅಷ್ಟ ಸಾಕ್ರಿ ಸರ್. ಒಬ್ಬರರ ಹೇಳಿದ್ರಲ್ಲ" ಎಂದು ಅವರು ಆ ಒಡೆದ ಕೈಗಳಿಂದ ನನ್ನ ಎರಡೂ ಕೈ ಹಿಡಿದುಕೊಂಡರು. ಅವರಾಗಿ ಬಿಡುವ ತನಕ ನಾನು ಬಿಡಿಸಿಕೊಳ್ಳಲಿಲ್ಲ.