ಕವಲುದಾರಿಗೆ ಸೊಪ್ಪಿಡುವ ಬೈರಯ್ಯ

ಕೋಳಿ ಕೂಗಿದೆ, ಬೆಳಕು ಇನ್ನೂ ಹರಿದಿಲ್ಲ. ಹಾಸನದ ಅಂಚಿನ ಒಂದು ಬೇಲಿಯ ಪಕ್ಕದಲ್ಲಿ ಬೈರಯ್ಯ ಕುಡುಗೋಲು ಹಿಡಿದು ಆಡುಸೋಗೆ ಸೊಪ್ಪು ಕೊಯ್ಯುತ್ತಿದ್ದಾರೆ. ಮಾಘದ ಮಂಜು ಎಲೆಯ ಮೇಲಿಂದ ಮುಂಗೈಗೆ ಇಳಿಯುತ್ತಿದೆ. ಕೊಯ್ದ ಸೊಪ್ಪನ್ನು ಹಿಡಿ ಹಿಡಿಯಾಗಿ ಬಾಳೆನಾರಿನಿಂದ ಬಿಗಿದು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟುತ್ತಾರೆ. ಅಷ್ಟರಲ್ಲಿ ಅವರ ಹೆಂಡತಿ ಲಕ್ಕಮ್ಮ ಬುತ್ತಿಗಂಟು ಹಿಡಿದು ಬರುತ್ತಾರೆ.

"ಇವತ್ತು ಯಾವ ಆಡ್ಗೆ ಔತಣ?"

"ಆಡು ಇದನ್ನ ಮೂಸಾಕಿಲ್ಲ ಕಣೆ."

"ಓದ್ ಸಲ್ವೂ ಆಡು ಬರಾಕಿಲ್ಲ ಅಂದಿದ್ದೆ. ಆಡಿನ್ ಮ್ಯಾಲೆ ಅಷ್ಟೊಂದು ನಂಬ್ಕೆ ಮಡಗ್ಬ್ಯಾಡ."

ಬೈರಯ್ಯ ನಗುವುದಿಲ್ಲ. ಬುತ್ತಿಯನ್ನು ಹ್ಯಾಂಡಲಿಗೆ ಸಿಕ್ಕಿಸಿ, ಎರಡೂ ಗಾಲಿಯನ್ನು ಬೆರಳಿನಿಂದ ಒತ್ತಿ ನೋಡಿ, ಸೈಕಲ್ ಹತ್ತುತ್ತಾರೆ. ಇವತ್ತು ನಗುವ ದಿನವಲ್ಲ.

ಬೈರಯ್ಯನವರ ಕೆಲಸ ಏನೆಂದು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಹಾಸನದಲ್ಲಿ ಅವರದೊಂದು ಸಣ್ಣ ಸೈಕಲ್ ಅಂಗಡಿ ಇದೆ. ಬಾಡಿಗೆಗೆ ಸೈಕಲ್ ಕೊಡುತ್ತಾರೆ, ಪಂಕ್ಚರ್ ಹಾಕುತ್ತಾರೆ. ಅಂಥ ಅಂಗಡಿಗಳು ಬೇರೆಯವರವೂ ಇವೆ. ಆದರೆ ಊರು ನೋಡಲು, ಸೀಮೆ ಸುತ್ತಲು ಸೈಕಲ್ಲಿನಲ್ಲಿ ಹೊರಡುವ ಮೇಷ್ಟರು, ಗುಮಾಸ್ತರು, ಮೈಸೂರಿನಿಂದ ರೈಲಿನಲ್ಲಿ ಬಂದಿಳಿಯುವ ವಿದ್ಯಾರ್ಥಿಗಳು, ಇವರಿಗೆಲ್ಲ ದಾರಿ ಹಾಕಿಕೊಡುವವರು ಬೈರಯ್ಯ ಒಬ್ಬರೇ. ಹೆದ್ದಾರಿಯಲ್ಲಿ ಅವರು ಯಾರನ್ನೂ ಕಳಿಸುವುದಿಲ್ಲ. ಅಲ್ಲಿ ಕಿತ್ತುಬಂದ ಜಲ್ಲಿ, ಲಾರಿಯ ದೂಳು. ಅವರ ದಾರಿಗಳು ಕೆರೆ ಏರಿಯ ಮೇಲೆ, ತೋಪಿನ ನೆರಳಲ್ಲಿ, ಆಲೆಮನೆಯ ಬೆಲ್ಲದ ವಾಸನೆಯ ಪಕ್ಕದಲ್ಲಿ ಹಾದುಹೋಗುವ ಗಾಡಿದಾರಿಗಳು. ಅಲ್ಲಿ ಕೈಮರಗಳಿಲ್ಲ. ಹೊಲದಲ್ಲಿರುವವರನ್ನು ಕೇಳಿದರೆ ಎಲ್ಲ ಊರೂ "ಇಲ್ಲೇ, ಒಂದ್ ಕೂಗಳತೆ".

ಅದಕ್ಕೇ ಸೊಪ್ಪು. ಕವಲು ಬಂದ ಕಡೆ, ಹೋಗಬಾರದ ದಾರಿಗೆ ಅಡ್ಡಲಾಗಿ ಒಂದು ಕಟ್ಟು ಹಸಿರು ಸೊಪ್ಪಿಟ್ಟು, ಮೇಲೊಂದು ಕಲ್ಲು ಹೇರುತ್ತಾರೆ. ಹಿಂದೆ ಬರುವವರು ಹಸಿರು ಕಂಡರೆ ಆ ದಾರಿ ಬಿಟ್ಟು ಇನ್ನೊಂದು ಹಿಡಿಯಬೇಕು, ಅಷ್ಟೇ. ಇದು ಅವರು ಕಂಡುಹಿಡಿದದ್ದಲ್ಲ. ಸಾಲುಗಾಡಿ ಹೊಡೆಯುವವರು ಹಿಂದಿನಿಂದಲೂ ಮಾಡುತ್ತಿದ್ದದ್ದು. ಹುಟ್ಟೂರು ಸಾಲಗಾಮೆಯಲ್ಲಿ ತಂದೆಯ ಗಾಡಿಯಲ್ಲಿ ಕೂತು ನೋಡಿದ್ದನ್ನು ಅವರು ಸೈಕಲ್ಲಿಗೆ ತಂದರು.

ಜೊತೆಯಲ್ಲೇ ಹೋಗಬಾರದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಬೈರಯ್ಯ ಹೀಗೆ ಹೇಳುತ್ತಾರೆ: "ನಾನ್ ಮುಂದೆ ಓದ್ರೆ ಇಂದಿನೋರು ತಪ್ಪಿಸ್ಕತಾರೆ. ಇಂದೆ ಉಳುದ್ರೆ ಮುಂದಿನೋರು ತಪ್ಪಿಸ್ಕತಾರೆ. ಸೊಪ್ಪಾದ್ರೆ ಮುಂದಿನೋರ್ಗೂ ಇಂದಿನೋರ್ಗೂ ಒಂದೇ ಮಾತೇಳ್ತದೆ ಸಾ. ಅಲ್ದೆ, ದಾರೀನ ತಾವೇ ಕಂಡ್ಕಂಡ್ವಿ ಅನ್ನೋ ಖುಷಿ ಅವರ್ಗೂ ಇರ್ಲಿ."

ಹಾಸನಕ್ಕೆ ಬಂದಾಗ ಅವರಿಗೆ ಮೀಸೆ ಮೂಡಿರಲಿಲ್ಲ. ಮೊದಲ ಕೆಲಸ, ಸಾಹುಕಾರರೊಬ್ಬರ ಅಂಗಡಿಯಲ್ಲಿ ಚೈನು ಒರೆಸುವುದು. ಸೈಕಲ್ ಹತ್ತಲು ಅಪ್ಪಣೆ ಇರಲಿಲ್ಲವಾದ್ದರಿಂದ, ದುರಸ್ತಿಯಾದ ಸೈಕಲ್ಲನ್ನು ಅರಕಲಗೂಡಿನವರೆಗೂ ತಳ್ಳಿಕೊಂಡೇ ಹೋಗಿ ಮುಟ್ಟಿಸಿ ಬಂದದ್ದುಂಟು. ಹಾಗೆ ನಡೆದದ್ದರಿಂದಲೇ ಅರಕಲಗೂಡಿನ ಏರಿಳಿತ ಕಾಲಿಗೆ ಗೊತ್ತಾಯಿತು ಎನ್ನುತ್ತಾರೆ. ಆಮೇಲೆ ಗುಜರಿಯ ಬಿಡಿಭಾಗ ಜೋಡಿಸಿ ಸ್ವಂತಕ್ಕೆ ಒಂದು ಸೈಕಲ್ ಮಾಡಿಕೊಂಡರು. ಚನ್ನರಾಯಪಟ್ಟಣದ ಬಯಲಿನಲ್ಲಿ ಎದುರುಗಾಳಿ ಯಾವ ತಿಂಗಳಲ್ಲಿ ಏಳುತ್ತದೆ, ಹೊಳೆನರಸೀಪುರದ ಕಡೆ ಯಾವ ಏರಿ ಮಳೆಗೆ ಕೆಸರಾಗುತ್ತದೆ, ಎಲ್ಲವನ್ನೂ ತುಳಿದು ತುಳಿದು ಕಲಿತರು.

ಜರ್ಮನಿ, ಜಪಾನಿನ ಯುದ್ಧ ಬಂದಮೇಲೆ ಅವರ ಪಾಡು ಎರಡು ಬಗೆಯಾಯಿತು. ಪೆಟ್ರೋಲಿಗೆ ರೇಷನ್ ಬಂದು, ಇದ್ದಿಲು ಉರಿಸಿ ಓಡುವ ಬಸ್ಸುಗಳು ಏರು ಕಂಡಲ್ಲಿ ನಿಂತುಬಿಡುವುದರಿಂದ ಸೈಕಲ್ ಕೇಳುವವರು ಹೆಚ್ಚಾದರು. ಆದರೆ ಟೈರು ಟ್ಯೂಬು ಸಿಕ್ಕುವುದೇ ದುರ್ಲಭ. ಸವೆದ ಟೈರಿನೊಳಗೆ ಇನ್ನೊಂದು ಸವೆದ ಟೈರಿನ ಪಟ್ಟಿ ಕೂರಿಸಿ ಓಡಿಸಬೇಕು. ತೇಪೆ ಇಲ್ಲದ ಟ್ಯೂಬು ಅವರ ಅಂಗಡಿಯಲ್ಲಿ ಈಗ ಒಂದೂ ಇಲ್ಲ.

ಇಷ್ಟಾಗಿಯೂ ಅವರನ್ನು ಕಂಗೆಡಿಸಿದ್ದು ಯುದ್ಧವಲ್ಲ, ಆಡು.

ಸಂಕ್ರಾಂತಿ ಕಳೆದ ಮೊದಲ ಭಾನುವಾರ ಮಿಡಲ್ ಸ್ಕೂಲಿನ ಗಂಗಾಧರಯ್ಯ ಮೇಷ್ಟರ ತಂಡ ಚನ್ನರಾಯಪಟ್ಟಣಕ್ಕೆ ಹೊರಟಿತ್ತು. ದೂರಕ್ಕೂ ಹಸಿರಾಗಿ ಕಾಣಲಿ ಎಂದು ಬೈರಯ್ಯ ಅಂದು ಹಲಸಿನ ಸೊಪ್ಪು ಇಟ್ಟರು. ಆಡಿಗೆ ಹಲಸಿನ ಸೊಪ್ಪೆಂದರೆ ಹಬ್ಬದೂಟ. ಒಂದು ಮಂದೆ ಹಾದುಹೋದದ್ದೇ ತಡ, ಕವಲಿನಲ್ಲಿ ಉಳಿದದ್ದು ಬರೀ ಕಲ್ಲು. ಮೇಷ್ಟರ ತಂಡ ತಪ್ಪುದಾರಿ ಹಿಡಿದು ಒಣಗಿದ ಕೆರೆಯ ಅಂಗಳಕ್ಕೆ ಇಳಿದು, ಜಾಲಿಮುಳ್ಳು ತುಳಿದು, ಸೈಕಲ್ ಹೊತ್ತುಕೊಂಡು ಬಂತು. ಊರಿನವರಿಗೆ ಇಷ್ಟು ಸಾಕಾಯಿತು. ಅಂಗಡಿಯ ಮುಂದೆ ಹಾಯುವವರೆಲ್ಲ ಕೇಳತೊಡಗಿದರು: "ಏನ್ ಬೈರಣ್ಣ, ಈ ವಾರ ಯಾವ ಆಡಿನ ಹೊಟ್ಟೇಗೆ ದಾರಿ?" ಗೊತ್ತುಮಾಡಿಕೊಂಡಿದ್ದ ಬೇರೆ ಎರಡು ತಂಡಗಳು ಬರುವುದಿಲ್ಲವೆಂದು ಹೇಳಿ ಕಳಿಸಿದವು.

ಗಂಗಾಧರಯ್ಯ ಮೇಷ್ಟರು ಮಾತ್ರ ಇನ್ನೊಂದು ಸಲ ನೋಡೋಣ ಎಂದಿದ್ದಾರೆ. ಇಂದು ಅವರ ಜೊತೆಗೆ ಅಕ್ಕನ ಮಗಳು ದಾಕ್ಷಾಯಣಮ್ಮ ಇದ್ದಾರೆ. ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ. ಶಾಲೆಯ ಅಂಗಳದಲ್ಲೇ ಸುತ್ತಿ ಸುತ್ತಿ ಸೈಕಲ್ ಕಲಿತವರು, ಊರ ಹೊರಗೆ ಹೊರಟಿರುವುದು ಇದೇ ಮೊದಲು. ಅವರ ತಂದೆ, ಜವಳಿ ಅಂಗಡಿಯ ರುದ್ರಯ್ಯನವರು, ನಿನ್ನೆ ತಾವೇ ಬೈರಯ್ಯನ ಅಂಗಡಿಗೆ ಬಂದು ಹೇಳಿ ಹೋಗಿದ್ದಾರೆ: "ದೀಪ ಹಚ್ಚೋದ್ರೊಳಗೆ ಮಗಳು ಊರಲ್ಲಿರಬೇಕು ಬೈರಯ್ಯ. ದಾರಿ ಗೀರಿ ತಪ್ಪಿದ್ರೋ, ಅವಳ ಸೈಕಲ್ಲೂ ಅಲ್ಲಿಗೇ ಮುಗೀತು, ನಿನ್ನ ಸೊಪ್ಪೂ ಅಲ್ಲಿಗೇ ಮುಗೀತು." ಹೊಳೆನರಸೀಪುರದವರೆಗೆ ಸೈಕಲ್ಲು, ಅಲ್ಲಿಂದ ಸಂಜೆ ಮುಂಚಿನ ರೈಲಿನಲ್ಲಿ ಸೈಕಲ್ ಹಾಕಿಕೊಂಡು ವಾಪಸ್ಸು ಎಂದು ಏರ್ಪಾಡು.

ಹಾಗಾಗಿ ಈ ಸಲ ಆಡುಸೋಗೆ. ಕಹಿ ಸೊಪ್ಪು, ಆಡು ದನ ಯಾವುದೂ ಬಾಯಿ ಹಾಕುವುದಿಲ್ಲ. ಬೂವನಹಳ್ಳಿಯ ಕಡೆ ಹಾಯ್ದು, ಒಂದೊಂದು ಕವಲಿನಲ್ಲೂ ಇಳಿದು, ಸೊಪ್ಪಿಟ್ಟು, ಕಲ್ಲು ಹೇರಿ, ಹತ್ತು ಹೆಜ್ಜೆ ಹಿಂದಕ್ಕೆ ಬಂದು ಸೈಕಲ್ ಮೇಲಿನಿಂದ ಕಾಣುತ್ತದೆಯೇ ಎಂದು ಬಗ್ಗಿ ನೋಡಿ ಮುಂದೆ ಹೋಗುತ್ತಾರೆ. ಬಿಸಿಲು ಏರುವ ಮುಂಚೆ ಹೊಳೆನರಸೀಪುರ ಸೇರಿ, ಊಟಕ್ಕೆ ಹೇಳಿಟ್ಟು, ಹೇಮಾವತಿಯ ದಡದಲ್ಲಿ ಕೂರುತ್ತಾರೆ.

ತಂಡ ಬರುವುದಿಲ್ಲ. ನೆರಳು ಕುಗ್ಗಿ ಕಾಲಬುಡಕ್ಕೆ ಬಂದರೂ ಬೆಲ್ಲಿನ ಸದ್ದಿಲ್ಲ. ಬುತ್ತಿ ಬಿಚ್ಚುವ ಮನಸ್ಸಾಗದೆ ಬೈರಯ್ಯ ಬಂದ ದಾರಿಯಲ್ಲೇ ವಾಪಸ್ಸು ತುಳಿಯುತ್ತಾರೆ. ಮೊದಲ ಕವಲಿನಲ್ಲಿ ಸೊಪ್ಪು ಇಟ್ಟಂತೆಯೇ ಇದೆ. ಎರಡನೆಯದರಲ್ಲೂ ಇದೆ. ಕೆರೆ ಏರಿ ಹತ್ತುವ ಮುಂಚೆ ಸಿಗುವ ಮೂರನೆಯ ಕವಲಿನಲ್ಲಿ ಹಸಿರು ಕಾಣುವುದಿಲ್ಲ. ಅಲ್ಲಿ, ಹೋಗಬಾರದ ದಾರಿಗೆ ಅಡ್ಡಲಾಗಿ, ಅವರಿಟ್ಟ ಕಲ್ಲಿನ ಮೇಲೆ ಒಬ್ಬ ಮುದುಕಿ ಕೂತಿದ್ದಾರೆ. ತಲೆಯ ಮೇಲೆ ಸೆರಗು, ಕೈಯಲ್ಲಿ ಕೋಲು.

"ಅಜ್ಜಿ, ಇಲ್ಲೊಂದ್ ಕಟ್ಟು ಸೊಪ್ಪಿತ್ತಲ್ಲ?"

"ಓ, ನೀನೇಯಾ ಬೈರಯ್ಯ ಅಂದ್ರೆ? ಸೊಪ್ಪು ಆಗ್ಲೇ ಒಲೆ ಮ್ಯಾಲೆ ಕುದ್ದಾಯ್ತು ಕಣಪ್ಪ."

ಬೈರಯ್ಯ ಸೈಕಲ್ಲಿನಿಂದ ಇಳಿಯುತ್ತಾರೆ. ಆಡು ಮುಟ್ಟದ ಸೊಪ್ಪು ಕೆಮ್ಮಿಗೆ ಒಳ್ಳೆಯ ಕಷಾಯವೆಂಬುದು ಗೊತ್ತಿದ್ದೂ ಅವರಿಗೆ ಹೊಳೆದಿರಲಿಲ್ಲ.

ಆ ಮುದುಕಿ, ಪಕ್ಕದ ಹಟ್ಟಿಯ ಪುಟ್ಟತಾಯಮ್ಮ, ನಡೆದದ್ದನ್ನು ತಾವೇ ಹೇಳುತ್ತಾರೆ: "ನಮ್ಮ ಯಜಮಾನ್ರು ರಾತ್ರಿಯೆಲ್ಲ ಕೆಮ್ಮಿ ಕೆಮ್ಮಿ ನಿದ್ದೆ ಮಾಡ್ಲಿಲ್ಲ. ಬೆಳಿಗ್ಗೆದ್ದು ನೋಡುದ್ರೆ ಬಾಗ್ಲಲ್ಲೇ ಆಡುಸೋಗೆ! ಕಟ್ಟು ಕಟ್ಟಿ, ಗಾಳಿಗೋಗ್ದಂಗೆ ಕಲ್ಲೇರಿ ಮಡಗವ್ರೆ. ಯಾರೋ ಪುಣ್ಯಾತ್ಮರು ಅಂದ್ಕಂಡು ತಕಂಡೋದೆ. ಆಮ್ಯಾಕೆ ಗಾಡಿಯೋನೊಬ್ಬ ಅಂದ, ಅಜ್ಜಿ, ಅದು ನರಸೀಪುರಕ್ಕೆ ಓಗೋ ಸೈಕಲ್ನೋರ್ಗೆ ಬೈರಯ್ಯ ಇಟ್ಟಿರೋ ಗುರುತು ಅಂತ. ಬೆಂದ್ ಸೊಪ್ನ ತಂದ್ ಮಡಗಕ್ಕಾದದಾ? ಸೊಪ್ಪಿನ್ ಜಾಗ್ದಲ್ಲಿ ನಾನೇ ಬಂದ್ ಕುಂತಿವ್ನಿ."

"ಒತ್ತಾರೆಯಿಂದ ಇಲ್ಲೇ ಇದ್ದೀಯ?"

"ಮತ್ತಿನ್ನೇನು! ಕೊಯ್ದೋನು ನೀನು, ಕುಡ್ದೋರು ನಮ್ಮೋರು. ಓಗೋರು ಯಾಕ್ ದಾರಿ ತಪ್ಪಬೇಕು?"

ಅಷ್ಟರಲ್ಲಿ ಏರಿಯ ಮೇಲೆ ಬೆಲ್ಲು ಕೇಳುತ್ತದೆ. ತಡವಾದದ್ದು ಹುರುಳಿಯಿಂದ. ಗಾಡಿ ತುಳಿಯಲೆಂದು ರೈತರು ರಸ್ತೆಯ ಉದ್ದಕ್ಕೂ ಹರಡಿದ್ದ ಹುರುಳಿಬಳ್ಳಿ ಎಲ್ಲರ ಚೈನಿಗೂ ಸುತ್ತಿಕೊಂಡು, ಬಿಡಿಸುವ ಹೊತ್ತಿಗೆ ಬಿಸಿಲೇರಿದೆ. ಮುಂದೆ ಬರುತ್ತಿರುವ ಮೇಷ್ಟರು ಕವಲಿನಲ್ಲಿ ಸೊಪ್ಪು ಕಾಣದೆ, ಅಗಲವಾದ ದಾರಿಯೇ ಸರಿಯಿರಬೇಕೆಂದು ಹ್ಯಾಂಡಲ್ ತಿರುಗಿಸುತ್ತಾರೆ. ಬೈರಯ್ಯ ಬಾಯಿ ತೆರೆಯುವ ಮುಂಚೆಯೇ ಪುಟ್ಟತಾಯಮ್ಮ ಕೂತಲ್ಲಿಂದಲೇ ಕೋಲೆತ್ತುತ್ತಾರೆ.

"ಏಯ್ ಸ್ವಾಮಿ! ಇತ್ತಲಾಗಲ್ಲ, ಅತ್ತಲಾಗೆ! ಇಷ್ಟ್ ದಪ್ಪ ಸೊಪ್ಪು ಕುಂತದೆ, ಕಾಣಾಕಿಲ್ವಾ?"

ಮೇಷ್ಟರು ಬ್ರೇಕ್ ಹಿಡಿದು ಇಳಿಯುತ್ತಾರೆ. ಹಿಂದೆ ಬಂದ ದಾಕ್ಷಾಯಣಮ್ಮನ ಕೈಯೆಲ್ಲ ಚೈನಿನ ಮಸಿ, ಸೀರೆಯ ಅಂಚಿಗೂ ಮಸಿ. ವಿಷಯ ತಿಳಿದು ಅವರು ನಕ್ಕ ನಗುವಿಗೆ ಹಟ್ಟಿಯೊಳಗಿನ ಯಜಮಾನರು ಕೆಮ್ಮುತ್ತಲೇ ಹೊರಗೆ ಬರುತ್ತಾರೆ. ಪುಟ್ಟತಾಯಮ್ಮ ಸೀರೆಯ ಕಡೆ ನೋಡಿ, "ಎಣ್ಣುಡ್ಗಿ ಬತ್ತಾಳೆ ಅಂತ ಯಾರೂ ಏಳ್ಲಿಲ್ವಲ್ಲ! ನೀ ನಡಿ ತಾಯಿ, ಕೊನೇ ಸೈಕಲ್ ದಾಟೋಗಂಟ ನಾ ಏಳಾಕಿಲ್ಲ," ಎನ್ನುತ್ತಾರೆ.

ಹೊಳೆಯ ದಡದಲ್ಲಿ ಊಟ ಗಡಿಬಿಡಿಯಲ್ಲೇ ಮುಗಿಯುತ್ತದೆ. ರೈಲು ಮಾತ್ರ ತಪ್ಪುವುದಿಲ್ಲ, ಬೈರಯ್ಯನವರೂ ಅದರಲ್ಲೇ ಬರುತ್ತಾರೆ. ಹಾಸನದ ಸ್ಟೇಷನ್ನಿನಲ್ಲಿ ಸೈಕಲ್ಲುಗಳನ್ನು ಇಳಿಸುವಾಗ ರುದ್ರಯ್ಯನವರು ಕೊಡೆ ಊರಿಕೊಂಡು ನಿಂತಿದ್ದಾರೆ. ಮಗಳ ಸೀರೆಯ ಮಸಿ ನೋಡುತ್ತಾರೆ, ಇನ್ನೂ ಹಚ್ಚದ ಸ್ಟೇಷನ್ನಿನ ದೀಪ ನೋಡುತ್ತಾರೆ.

"ದಾರಿ ತಪ್ಪಿತಾ?"

"ಇಲ್ಲ ಅಪ್ಪಾಜಿ. ತಪ್ಪೋಕೆ ಬಿಡಲಿಲ್ಲ."

ರುದ್ರಯ್ಯನವರು ಬೈರಯ್ಯನ ಕಡೆ ತಿರುಗುತ್ತಾರೆ. "ಮುಂದಿನ ಭಾನುವಾರ ಯಾವ ಕಡೆ?"

"ಅರಕಲಗೂಡು ಸಾ," ಎನ್ನುತ್ತಾರೆ ಬೈರಯ್ಯ.

"ಹೂಂ. ಏರು ಜಾಸ್ತಿ ಆ ಕಡೆ. ನಿಧಾನವಾಗಿ ಹೋಗಲಿ ಎಲ್ಲರೂ." ಅಷ್ಟು ಹೇಳಿ ಅವರು ಮಗಳ ಸೈಕಲ್ಲನ್ನು ತಾವೇ ಹಿಡಿದುಕೊಂಡು ತಳ್ಳುತ್ತಾ ಮನೆಯ ಕಡೆ ನಡೆಯುತ್ತಾರೆ.

ಬೈರಯ್ಯನವರಿಗೆ ಆಸೆಯೇನೆಂದು ಕೇಳಿದರೆ ಒಂದು ಹೊಸ ಟೈರು ಎಂದು ಹೇಳಿಯಾರೆಂದು ಯಾರಾದರೂ ಎಣಿಸುತ್ತಾರೆ. ಅವರು ಹಾಗೆ ಹೇಳುವುದಿಲ್ಲ. ಕ್ಯಾರಿಯರಿನಲ್ಲಿ ಉಳಿದ ಬಾಳೆನಾರನ್ನು ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಾ ಹೇಳುತ್ತಾರೆ: "ಇನ್ಮ್ಯಾಕೆ ಆ ಕವಲಿಗೆ ಎಲ್ಡು ಕಟ್ಟು ಸಾ. ಒಂದು ದಾರೀಗೆ, ಒಂದು ಅಜ್ಜಿ ಬಾಗ್ಲೀಗೆ. ಬಿಸ್ಲಲ್ಲಿ ಮತ್ತೆ ಆವಮ್ಮ ಕೂರಬಾರ್ದು ನೋಡಿ."