ಕದ್ದ ಕಡ್ಡಿ ಚಿಗುರ್ತದೆ

ನೈಟಿಯ ಮೇಲೆ ತೀರಿಹೋದ ಗಂಡನ ಕಾರ್ಖಾನೆಯ ನೀಲಿ ಅಂಗಿ. ತೋಳು ಮೊಣಕೈವರೆಗೆ ಮಡಚಿರುತ್ತಿತ್ತು. ಜೇಬಿನ ಮೇಲೆ ಹೊಲಿದಿದ್ದ ಕಂಪನಿ ಹೆಸರಿನ ದಾರ ಕಿತ್ತುಹೋಗಿ ಎರಡು ಮೂರು ಅಕ್ಷರಗಳಷ್ಟೇ ಉಳಿದಿದ್ದವು. ಅದೇ ಜೇಬಿನಿಂದ ಯಾವಾಗ ನೋಡಿದರೂ ಯಾವುದೋ ಗಿಡದ ಕಡ್ಡಿ ಇಣುಕುತ್ತಿತ್ತು. ಪಕ್ಕದ ಮನೆಯ ಅಕ್ಕನನ್ನು ನಾನು ಮೊದಲ ಸಲ ಸರಿಯಾಗಿ ಕಂಡದ್ದು ಹೀಗೆ. ಅದೂ ನಮ್ಮಿಬ್ಬರ ಅಂಗಳದ ನಡುವಿನ ಮೋಟುಗೋಡೆಯ ಮೇಲೆ ಅರ್ಧ ಬಗ್ಗಿ, ನನ್ನ ದಾಸವಾಳದ ಟೊಂಗೆಗೆ ಕೈ ಹಾಕಿದ್ದಾಗ.

ನಾವು ಆ ಮನೆಗೆ ಬಂದು ಆಗ ತಿಂಗಳೂ ತುಂಬಿರಲಿಲ್ಲ. ರಾಣೇಬೆನ್ನೂರಿನಲ್ಲಿ ನಾನು ಹೈಸ್ಕೂಲ್ ಟೀಚರ್ ಆಗಿದ್ದೆ, ನಮ್ಮವರದು ಬೀಜದ ಅಂಗಡಿ. ಮಕ್ಕಳಿಲ್ಲ. ನಾನು ನಿವೃತ್ತಳಾದ ಮೇಲೆ ಇಬ್ಬರೂ ಹಾಯಾಗಿ ಇರೋಣ ಅಂದುಕೊಂಡಿದ್ದೆವು. ಅಷ್ಟರಲ್ಲಿ ಇವರಿಗೆ ಮರೆವು ಶುರುವಾಯಿತು. ಮೊದಲು ಅಂಗಡಿಯ ಬೀಗದ ಕೈ ಮರೆತರು, ಆಮೇಲೆ ಗಿರಾಕಿಗಳ ಹೆಸರು, ಆಮೇಲೆ ಅಂಗಡಿಗೆ ಹೋಗುವ ದಾರಿ. ಬೆಂಗಳೂರಿನ ಡಾಕ್ಟರು, ಇದು ವಾಸಿಯಾಗುವ ಮರೆವಲ್ಲ, ಮೇಲಿಂದ ಮೇಲೆ ತೋರಿಸುತ್ತಿರಬೇಕು ಎಂದರು. ನನ್ನ ತಮ್ಮ ರಾಜಗೋಪಾಲನಗರದಲ್ಲಿ ಬಾಡಿಗೆಗೆಂದು ಕೊಂಡಿದ್ದ ನೆಲಮಹಡಿಯ ಮನೆ ಖಾಲಿಯಿತ್ತು. "ಅಲ್ಲಿಗೇ ಬಂದುಬಿಡು ಅಕ್ಕಾ" ಎಂದ. ಅದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸಿದ. "ಒಂದು ಸಲ ಇವರು ತಪ್ಪಿಸಿಕೊಂಡರಂದ್ರ ಮುಗೀತು ನೋಡು. ಆಮೇಲೆ ನಿನ್ನ ಹಠ ಕೇಳಂಗಿಲ್ಲ. ಇಂಥವರನ್ನ ನೋಡಿಕೊಳ್ಳೋ ಜಾಗ ಅದಾವ, ಅಲ್ಲಿಗೆ ಬಿಡೋದು."

ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತು. ಮೊದಲೇ ನಾನು ಹಾಲು ಉಕ್ಕುವ ಮುಂಚೆ ಒಲೆ ಆರಿಸುವ ಜಾತಿಯವಳು. ಹೊಸ ಊರು, ಗೊತ್ತಿಲ್ಲದ ಜನ. ಎರಡು ಬೀದಿ ಆಚೆ ದೊಡ್ಡ ರಸ್ತೆ, ಅಲ್ಲಿ ಪೀಣ್ಯದ ಕಾರ್ಖಾನೆಗಳಿಗೆ ಕಬ್ಬಿಣ ಹೊತ್ತ ಲಾರಿಗಳು. ಶಿಫ್ಟು ಬಿಟ್ಟಾಗ ಬರುವ ಜನಪ್ರವಾಹದಲ್ಲಿ ಇವರು ಸೇರಿಕೊಂಡರೆ ನಾನು ಎಲ್ಲಿ ಅಂತ ಹುಡುಕಲಿ? ಮುಂಬಾಗಿಲಿಗೆ ಬೀಗ, ಹಿಂದಿನ ಗೇಟಿಗೆ ಬೀಗ. ಎರಡರ ಕೈಯೂ ನನ್ನ ಸೊಂಟದಲ್ಲಿ. ಕೇಳಿದವರಿಗೆಲ್ಲ "ನಮ್ಮವರದು ಮಾತು ಕಡಿಮೆ" ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಇವರ ಸ್ಥಿತಿ ಗೊತ್ತಾದರೆ ಜನ ಏನೆಂದಾರು, ಮಾತು ತಮ್ಮನ ಕಿವಿಗೆ ಬಿದ್ದರೆ ಏನಾದೀತು ಅನ್ನುವ ಹೆದರಿಕೆ.

ಮನೆಯ ಹಿಂದೆ ಒಂದು ತುಂಡು ಸಿಮೆಂಟಿನ ಅಂಗಳ ಇತ್ತು. ತಮ್ಮ ಅದನ್ನು ಸಿಟೌಟ್ ಎನ್ನುತ್ತಿದ್ದ, ನಾನು ಹಿತ್ತಲು ಎನ್ನುತ್ತಿದ್ದೆ. ಇವರನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳಲು ಏನಾದರೂ ಕೆಲಸ ಬೇಕಲ್ಲ? ಪೇಂಟಿನ ಖಾಲಿ ಡಬ್ಬಗಳಿಗೆ ತೂತು ಹೊಡೆಸಿ, ಕೆಂಪುಮಣ್ಣು ತರಿಸಿ, ಮೆಂತೆ, ದೊಡ್ಡಪತ್ರೆ, ಕನಕಾಂಬರ, ದಾಸವಾಳ ಹಾಕಿದೆ. ಮಣ್ಣು ಕಂಡದ್ದೇ ಇವರ ಮುಖ ಅರಳಿತು. ಹೆಸರು ಮರೆತ ಕೈಗಳು ಬೀಜವನ್ನು ಮರೆತಿರಲಿಲ್ಲ. ಮೆಂತೆ ಮೊಳೆತ ದಿನ ನನ್ನನ್ನು ಕರೆದು, "ನೋಡಲ್ಲಿ, ಎಷ್ಟು ಚಂದ ಎದ್ದಾವು!" ಎಂದರು. ಎಷ್ಟೋ ದಿನಗಳ ಮೇಲೆ ನನಗೆ ಆವತ್ತು ಖುಷಿಯಾಗಿತ್ತು.

ಆದರೆ ಯಾರೋ ನನ್ನ ಗಿಡಗಳ ಚಿಗುರು ಮುರಿಯುತ್ತಿದ್ದರು. ಇಂದು ದೊಡ್ಡಪತ್ರೆಯ ತುದಿ ಮಾಯ, ನಾಳೆ ಕನಕಾಂಬರದ ಟೊಂಗೆ ಮಾಯ. ಇವರೇ ಮುರಿಯುತ್ತಾರೇನೋ ಅಂದುಕೊಂಡೆ. ಗೇಟು ಹಾರಿ ಯಾರಾದರೂ ಬರುತ್ತಾರೇನೋ ಅಂತ ಇನ್ನೊಂದು ದಿಗಿಲು. ಹಾಗೆ ಕಾಯುತ್ತಿದ್ದಾಗಲೇ ಆ ನೀಲಿ ಅಂಗಿ ಕಂಡದ್ದು.

"ಏನ್ ಮಾಡಾಕತ್ತೀರಿ?" ಎಂದು ಕ್ಲಾಸಿನಲ್ಲಿ ಕೇಳುವ ದನಿಯಲ್ಲೇ ಕೇಳಿದೆ.

ಅಕ್ಕ ಬೆಚ್ಚಲೂ ಇಲ್ಲ, ನಾಚಲೂ ಇಲ್ಲ. ನನ್ನ ಮೇಲೆಯೇ ಸಿಟ್ಟಾದರು. "ಅಯ್ಯೋ, ನೋಡ್ಬಿಟ್ಟೇನಮ್ಮ? ಕೆಡಿಸ್ಬಿಟ್ಟೆ! ಇನ್ನಿದು ಬೇರು ಬಿಡಾಕಿಲ್ಲ ಬಿಡು. ಕೇಳಿ ಈಸ್ಕೊಂಡ ಕಡ್ಡಿ ಚಿಗುರಾಕಿಲ್ಲ, ಕದ್ದ ಕಡ್ಡಿ ಚಿಗುರ್ತದೆ. ಅಷ್ಟೂ ಗೊತ್ತಿಲ್ವ ಟೀಚರಮ್ಮಂಗೆ?"

ನಾನು ಟೀಚರ್ ಎಂದು ಅಕ್ಕನಿಗೆ ಹೇಳಿದವರು ಯಾರು? ಕೇಳಿದೆ.

"ನಿಮ್ಮ ಯಜಮಾನ್ರೇ. ದಿನಾ ಏಳ್ತಾರೆ. ನಾನು ಕದಿಯೋವಾಗ ಅವರೇ ಕಾವಲು ನಿಂತ್ಕೊಳ್ಳೋದು. ಪಾಪ, ದಿನಾನೂ ಕೈ ಮುಗಿದು ಒಸದಾಗಿ ಪರಿಚಯ ಮಾಡ್ಕೋತಾರೆ. 'ನಮಸ್ಕಾರ್ರೀ, ನಾವು ರಾಣೇಬೆನ್ನೂರಿನವರು, ತಮ್ಮ ಪರಿಚಯ ಆಗ್ಲಿಲ್ಲ' ಅಂತ. ನಾನೂ ದಿನಾ ಒಸದಾಗಿ ಏಳ್ತೀನಿ. ಏನಂತೆ ಈಗ?"

ಮುಚ್ಚಿಟ್ಟ ಗುಟ್ಟು ಗೋಡೆಯ ಆಚೆಗೆ ಎಂದೋ ಗೊತ್ತಾಗಿಹೋಗಿತ್ತು! "ಯಾರಿಗೂ ಹೇಳಬ್ಯಾಡ್ರಿ" ಎಂದೆ. ಅಕ್ಕ ನನ್ನ ಮುಖ ನೋಡಿದರು. ಹೇಳುವುದಿಲ್ಲ ಎಂದು ಮಾತು ಕೊಡಲಿಲ್ಲ. "ನೀನೂ ಬಂದು ನಮ್ಮನೇಲಿ ಕದಿಯಮ್ಮ, ಬಸಳೆ ಚೆನ್ನಾಗೈತೆ" ಎಂದು ಹೋದರು.

ಹೀಗೆ ಶುರುವಾಯಿತು. ಕೇಳುವ ಹಾಗಿಲ್ಲ, ಕೊಡುವ ಹಾಗಿಲ್ಲ, ಥ್ಯಾಂಕ್ಸ್ ಅನ್ನುವುದಂತೂ ಮಹಾಪರಾಧ. ಅಕ್ಕ ಬಸಳೆಯ ಬಳ್ಳಿಗೆ ಬೆನ್ನು ಮಾಡಿ ಬಟ್ಟೆ ಒಣಹಾಕುತ್ತಾ ನಿಲ್ಲುವರು, ನಾನು ಗೋಡೆಯ ಮೇಲಿಂದ ಬಗ್ಗಿ ಮುರಿದುಕೊಳ್ಳಬೇಕು. ಅವರು ಸೊಪ್ಪು ಅನ್ನುವರು, ನಾನು ತಪ್ಪಲು ಅನ್ನುವೆನು, ಸಾರು ಮಾತ್ರ ಎರಡೂ ಮನೆಯಲ್ಲಿ ಒಂದೇ. ಹಾಗಂತ ಅಕ್ಕನ ಕೈಗುಣ ದೊಡ್ಡದೇನಲ್ಲ. ನೀರು ಹೊಯ್ದು ಹೊಯ್ದು ಅರ್ಧ ಗಿಡಗಳನ್ನು ಕೊಳೆಸುತ್ತಿದ್ದರು. ಸತ್ತ ಕಡ್ಡಿ ಕಿತ್ತೆಸೆಯುತ್ತಾ, "ಇದನ್ನ ಸರಿಯಾಗಿ ಕದೀಲಿಲ್ಲ, ಅದಕ್ಕೇ" ಎನ್ನುವರು. ಇವರು ಗಟ್ಟಿಯಾಗಿ ನಗುತ್ತಿದ್ದರು. ಆ ನಗು ನಾನು ಊರಲ್ಲೇ ಕಳೆದುಕೊಂಡು ಬಂದೆ ಅಂದುಕೊಂಡಿದ್ದೆ.

ಒಂದು ದಿನ ಅಕ್ಕ, "ಯಜಮಾನ್ರನ್ನ ನನ್ಜೊತೆ ಕಳ್ಸು, ಒಂದು ರೌಂಡು ಓಗ್ಬತ್ತೀವಿ" ಎಂದರು. ಬೆಳಗಿನ ಹೊತ್ತು ಬೀದಿ ಸುತ್ತಿ, ಬೇಲಿಗಳಿಂದ ಹೊರಗೆ ಚಾಚಿದ ಟೊಂಗೆ ಮುರಿದುಕೊಂಡು ಬರುವುದು ಅವರ ದಿನಚರಿ. ನಾನು ಸುತರಾಂ ಒಪ್ಪಲಿಲ್ಲ. "ರಸ್ತೆದಾಗ ಕೈ ಬಿಡಿಸ್ಕೊಂಡು ಹೋದ್ರ ಏನ್ ಮಾಡ್ಲಿ?" ಎಂದೆ.

"ಗೂಟಕ್ಕೆ ಕಟ್ಟಿದ್ರೆ ದನಾನೂ ಅಗ್ಗ ಕಿತ್ಕೊಳ್ತದೆ ಕಣಮ್ಮ. ದಾರಿ ತೋರಿಸ್ಬೇಕು."

ಇವರು ಅಷ್ಟರಲ್ಲಿ ಚಪ್ಪಲಿ ಹಾಕಿಕೊಂಡು ಗೇಟಿನ ಬಳಿ ನಿಂತಿದ್ದರು. ಸಿನಿಮಾಕ್ಕೆ ಹೊರಟವರ ಉತ್ಸಾಹ. ಬೀಗ ತೆಗೆದೆ. ಅವರು ತಿರುಗಿ ಬರುವವರೆಗೆ ಗೇಟಿನ ಸರಳು ಹಿಡಿದು ನಿಂತೇ ಇದ್ದೆ, ಅನ್ನ ತಳ ಹಿಡಿದದ್ದೂ ಗೊತ್ತಾಗಲಿಲ್ಲ. ಆಮೇಲೆ ಅದೇ ನಿತ್ಯದ ರೂಢಿಯಾಯಿತು. ರೂಢಿಯಾಯಿತೆಂದು ನನ್ನ ಹೆದರಿಕೆ ಕಡಿಮೆಯಾಗಲಿಲ್ಲ.

ನಾನು ಹೆದರುತ್ತಿದ್ದದ್ದು ಕೊನೆಗೂ ಆಯಿತು. ಗ್ಯಾಸ್ ಸಿಲಿಂಡರ್ ತಂದವನಿಗೆ ಹಿಂದಿನ ಗೇಟು ತೆಗೆದೆ. ಅವನು ಹೋದ ಮೇಲೆ ಬೀಗ ಹಾಕಿದೆ ಅಂದುಕೊಂಡು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಗೇಟು ಹಾರುಹೊಡೆದಿದೆ, ಇವರ ಚಪ್ಪಲಿ ಇಲ್ಲ. ಒದ್ದೆ ತಲೆಯಲ್ಲೇ ಅಕ್ಕನ ಬಾಗಿಲಿಗೆ ಓಡಿದೆ. "ಇಲ್ಲ... ಅವರು ಇಲ್ಲ..."

ಅಕ್ಕ ಹೇಗೆ, ಯಾವಾಗ ಎಂದು ಏನೂ ಕೇಳಲಿಲ್ಲ. "ಮೊದ್ಲು ಕಾಲಿಗೆ ಚಪ್ಪಲಿ ಆಕ್ಕೋ" ಎಂದರು. ನಾನು ದೊಡ್ಡ ರಸ್ತೆಯ ಕಡೆ ಎಳೆದೆ, ಅವರು ಕೈ ಹಿಡಿದು ಒಳಬೀದಿಗೆ ತಿರುಗಿಸಿದರು. "ಮೊದ್ಲು ನಮ್ಮ ದಾರಿ ನೋಡಾನ."

ನನ್ನ ಕಣ್ಣ ಮುಂದೆ ಬರೀ ಲಾರಿಗಳು. ಯಾವುದೋ ಲಾರಿ ಬ್ರೇಕ್ ಹಾಕಿದ ಸದ್ದಾದರೆ ಜೀವ ಹಾರಿಹೋಗುತ್ತಿತ್ತು. ತಮ್ಮನಿಗೆ ಏನು ಹೇಳಲಿ? ಸಿಕ್ಕರೂ ಇವರನ್ನು ಇನ್ನು ನನ್ನ ಹತ್ತಿರ ಬಿಡುತ್ತಾನೆಯೇ? ದೇವರೇ, ಸಿಗುತ್ತಾರೆಯೇ? ಬೀದಿ ತಿರುವಿನಲ್ಲಿ ಹೂ ಕಟ್ಟುತ್ತಾ ಕೂತಿದ್ದ ಹೆಂಗಸು ನಮ್ಮನ್ನು ಕಂಡವಳೇ ಎದ್ದು ನಿಂತಳು. "ಈಗ್ತಾನೆ ಹೋದ್ರು ಕಣಕ್ಕ. ಕೂತ್ಕೊಳ್ಳಿ ಅಂದೆ, ಕೇಳ್ಲಿಲ್ಲ. ಫ್ಯಾಕ್ಟ್ರಿ ಗೇಟ್ ಕಾಯೋ ಅಣ್ಣಂಗೆ ಫೋನ್ ಮಾಡಿ ಹೇಳಿದೀನಿ, ಹಿಡ್ಕೋತಾನೆ."

ಇವಳಿಗೆ ಇವರು ಹೇಗೆ ಗೊತ್ತು? ಯೋಚಿಸಲು ಪುರುಸೊತ್ತಿರಲಿಲ್ಲ. ಬೀದಿಯ ಕೊನೆಗೆ ಒಂದು ಸಣ್ಣ ಕಾರ್ಖಾನೆ. ಅದರ ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಮ್ಮವರು ಕೂತು ಚಹಾ ಕುಡಿಯುತ್ತಿದ್ದರು! ತೊಡೆಯ ಮೇಲೆ ಬೇರು, ಮಣ್ಣು ಸಮೇತ ಕಿತ್ತ ಒಂದು ಇಡೀ ಗುಲಾಬಿ ಗಿಡ. ಅಕ್ಕ ಕಲಿಸಿದ ವಿದ್ಯೆಯನ್ನು ಸ್ವಲ್ಪ ಹೆಚ್ಚಿಗೇ ಪ್ರಯೋಗಿಸಿದ್ದರು. ಪಕ್ಕದಲ್ಲಿ ವಾಚ್‌ಮನ್, ದೇವದುರ್ಗದ ಕಡೆಯವನು.

"ಕಳ್ಳನ್ನ ಹಿಡಿದು ಕುಂದರಿಸೀನ್ರೀ ಅಕ್ಕಾರ" ಎಂದ ನಗುತ್ತಾ.

ನಾನು ಓಡಿಹೋಗಿ ಇವರ ಭುಜ ಹಿಡಿದು ಅತ್ತುಬಿಟ್ಟೆ. ವಾಚ್‌ಮನ್ ಗಾಬರಿಯಾಗಿ ನನ್ನನ್ನು ತಡೆದ. "ಅಮ್ಮಾರ, ನೀವ್ಯಾರ್ರೀ? ಇವರು ಅಕ್ಕಾರ ಯಜಮಾನ್ರು. ಅಕ್ಕಾರ ಹೇಳ್ಯಾರ ನನಗ, 'ಇವರು ನಮ್ಮೋರು, ಮರೆವು ಐತಿ, ಒಬ್ಬರ ಬಂದ್ರ ಬಿಡಬ್ಯಾಡ' ಅಂತ."

ನಮ್ಮ ಕಡೆ ಹೆಂಗಸು 'ನಮ್ಮವರು' ಎಂದರೆ ಗಂಡ. ಬೇರೆ ಅರ್ಥವೇ ಇಲ್ಲ. ಅಕ್ಕನ ಊರು ನೆಲಮಂಗಲದ ಕಡೆ, ಅಲ್ಲಿ 'ನಮ್ಮೋರು' ಎಂದರೆ ನಮ್ಮ ಪೈಕಿಯವರು, ಬೇಕಾದವರು. ಪಾಪ, ದೇವದುರ್ಗದವನು ತನ್ನ ಊರಿನ ಅರ್ಥವನ್ನೇ ಹಿಡಿದುಕೊಂಡು ಇಷ್ಟು ದಿನ ಆ ವಿಧವೆಯ ಜೊತೆ ನನ್ನ ಗಂಡನ ಸಂಸಾರ ಹೂಡಿಬಿಟ್ಟಿದ್ದ. ಅಕ್ಕನಿಗೆ ಅರ್ಥವಾದದ್ದೇ ತಡ, ಹೊಟ್ಟೆ ಹಿಡಿದುಕೊಂಡು ಗೇಟಿಗೆ ಒರಗಿದರು. "ಅಯ್ಯೋ ನಿನ್ ಮನೆ ಕಾಯ್ವೋಗ! ನನ್ ಗಂಡ ಮೇಲಿಂದ ಇಳ್ದು ಬಂದ್ಬಿಡ್ತಾನಲ್ಲೋ ಕೇಳಕ್ಕೆ!" ನಾನು ಅಳುತ್ತಲೇ ನಕ್ಕೆ. ಇವರು ಎದ್ದು ನಿಂತು ನಮ್ಮೆಲ್ಲರಿಗೂ ಕೈ ಮುಗಿದರು. "ನಮಸ್ಕಾರ್ರೀ, ನಾವು ರಾಣೇಬೆನ್ನೂರಿನವರು."

ಮನೆಗೆ ಬಂದು ಕೂತ ಮೇಲೆ ನನಗೆ ಸಿಟ್ಟು ಬಂತು. ನಾನು ಇಷ್ಟು ಜತನದಿಂದ ಮುಚ್ಚಿಟ್ಟದ್ದನ್ನು ಈ ಹೆಂಗಸು ಊರಿಗೆಲ್ಲ ಡಂಗುರ ಸಾರಿದ್ದಾರೆ! "ಯಾರಿಗೂ ಹೇಳಬ್ಯಾಡ್ರಿ ಅಂದಿದ್ದೆ ನಾನು" ಎಂದೆ.

"ಮೊದಲ್ನೇ ದಿನಾನೇ ಏಳ್ಬಿಟ್ಟೆ" ಎಂದರು ಅಕ್ಕ, ಒಂದಿಷ್ಟೂ ಅಳುಕಿಲ್ಲದೆ. "ಪ್ರತಿ ಗೇಟಲ್ಲೂ ನಿಲ್ಸಿ ಮುಖ ತೋರ್ಸಿ ಬಂದೆ. ಮತ್ತೆ ಯಾಕೆ ಕರ್ಕೊಂಡೋಗಿದ್ದು ಅಂದ್ಕೊಂಡೆ? ಬಚ್ಚಿಟ್ಟ ವಸ್ತು ಕಳೆದ್ರೆ ಯಾರು ತಂದ್ಕೊಡ್ತಾರಮ್ಮ? ಯಾರ್ದು ಅಂತ ಗೊತ್ತಿರ್ಬೇಕಲ್ಲ!"

ಆವತ್ತು ನಾನು ತಮ್ಮನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಬೈದ. ಬೈದು ಮುಗಿಸಿ, "ಆ ಅಕ್ಕನ ನಂಬರ್ ಕೊಡು" ಎಂದ. ಆ ಜಾಗಗಳ ಮಾತು ಆಮೇಲೆ ಎತ್ತಲಿಲ್ಲ.

ಅಕ್ಕ ನಮಗೆ ಇನ್ನೂ ಕೆಲವು ವರ್ಷ ಸಿಕ್ಕರು. ಸಕ್ಕರೆ ಕಾಯಿಲೆ ಇತ್ತು, ಪಥ್ಯ ಇರಲಿಲ್ಲ. ಕಾಲಿನ ಹುಣ್ಣೊಂದು ಮಾಯದೆ ಜ್ವರ ಬಂತು. ಮಗಳು ಬಂದು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. "ಬತ್ತೀನಿ ಕಣಮ್ಮ, ಬಸಳೆಗೆ ನೀರಾಕು" ಎಂದು ಹೋದವರು ಬರಲಿಲ್ಲ. ಮಣ್ಣು ಮಾಡಿದ್ದು ಅವರ ಊರಿನಲ್ಲಿ. ಇವರನ್ನು ಬಿಟ್ಟು ನಾನು ಹೋಗುವ ಹಾಗಿರಲಿಲ್ಲ, ಕೊನೆಯ ಸಲ ಮುಖ ಕೂಡ ನೋಡಲಿಲ್ಲ. ಅದೊಂದು ಸಂಕಟ ಇದ್ದೇ ಇದೆ.

ಸುದ್ದಿ ಬಂದ ಮರುದಿನ ಬೆಳಿಗ್ಗೆ ಇವರು ಗೋಡೆಯ ಬಳಿ ನಿಂತು, "ಆ ಅಕ್ಕಾರು ಎಲ್ಲಿ?" ಎಂದರು. ಇದ್ದದ್ದನ್ನು ಹೇಳಿದೆ. ಮಗುವಿನ ಹಾಗೆ ಅತ್ತರು. ಅದರ ಮರುದಿನ ಮತ್ತೆ ಕೇಳಿದರು, ಮತ್ತೆ ಹೇಳಿದೆ, ಮತ್ತೆ ಮೊದಲ ಸಲ ಕೇಳಿದವರ ಹಾಗೆಯೇ ಅತ್ತರು. ಆಮೇಲೆ ನನ್ನ ಕೈಲಾಗಲಿಲ್ಲ. "ಊರಿಗೆ ಹೋಗ್ಯಾರ" ಎಂದು ಹೇಳತೊಡಗಿದೆ. ಬೀದಿಗೆ ಕರೆದುಕೊಂಡು ಹೋಗುವವರು ಇನ್ನು ಯಾರು? ನನ್ನ ಮಂಡಿ ಅಷ್ಟು ದೂರ ನಡೆಯದು, ಧೈರ್ಯವಂತೂ ಮೊದಲೇ ಇಲ್ಲ. ಗೇಟಿಗೆ ಮತ್ತೆ ಬೀಗ ಹಾಕಿದೆ. ಇವರು ಚಪ್ಪಲಿ ಹಾಕಿಕೊಂಡು ಬಂದು ಸರಳು ಅಲ್ಲಾಡಿಸುತ್ತಿದ್ದರು, ನಾನು ಅಡಿಗೆಮನೆಯಲ್ಲಿ ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಆ ಸದ್ದು ನಿಂತು ಮಾತು ಕೇಳಿಸಿತು. ಹೋಗಿ ನೋಡಿದರೆ ಗೇಟಿನ ಆಚೆ ಹೂ ಕಟ್ಟುವ ಹೆಂಗಸು, ಅವಳ ಹಿಂದೆ ರಾತ್ರಿ ಪಾಳಿ ಮುಗಿಸಿದ ದೇವದುರ್ಗದ ವಾಚ್‌ಮನ್.

"ಯಜಮಾನ್ರನ್ನ ಕರ್ಕೊಂಡು ಹೋಗಕ್ಕೆ ಬಂದ್ವಿ ಟೀಚರಮ್ಮ" ಎಂದಳು.

"ಯಾರು ಹೇಳಿದ್ರು ನಿಮಗ?"

"ಅಕ್ಕ. ಆಸ್ಪತ್ರೆಗೆ ಹೋಗೋವಾಗ ನನ್ ಹತ್ರ ಆಟೋ ನಿಲ್ಲಿಸಿದ್ರು. 'ನಾನ್ ಬರೋದು ತಡ ಆದ್ರೆ ಟೀಚರಮ್ಮ ಎದ್ರಿ ಬೀಗ ಜಡಿದ್ಬಿಡ್ತಾಳೆ. ಒಂದ್ವಾರ ನೋಡಿ. ತೆಗೀಲಿಲ್ಲ ಅಂದ್ರೆ ಓಗಿ ತೆಗ್ಸಿ' ಅಂದ್ರು."

ನಾನು ಸೊಂಟದಿಂದ ಬೀಗದ ಕೈ ಬಿಚ್ಚಿದೆ. ಗೇಟು ತೆಗೆದು, ಇವರು ತಿರುಗಿ ಬರುವವರೆಗೆ ಸರಳು ಹಿಡಿದು ನಿಂತೆ. ಇವತ್ತಿಗೂ ಹಾಗೇ ನಿಲ್ಲುತ್ತೇನೆ. ಆದರೂ ದಿನಾ ಬೆಳಿಗ್ಗೆ ತೆಗೆಯುತ್ತೇನೆ.